ಏಜೆಂಟ್‌ಗೆ ಮೊದಲು ಗ್ರಾಫ್‌ಗಳ ಪಟ್ಟಿ ಕೊಡಿ: ಸ್ಪ್ಯಾನರ್‌ನ ಲಿಸ್ಟ್ ಗ್ರಾಫ್ಸ್ ಟೂಲ್, ಒಂದು ವಂಶವೃಕ್ಷದ ಜೊತೆಗೆ

ಪ್ರಾಪರ್ಟಿ ಗ್ರಾಫ್ ಅಂದ ಕೂಡಲೇ ನಿಮಗೆ ಸೈಟು, ಖಾತಾ, ಪಹಣಿ ನೆನಪಾದರೆ ತಪ್ಪೇನಿಲ್ಲ, ನನಗೂ ಮೊದಲು ಹಾಗೇ ಆಗಿತ್ತು. ಇಲ್ಲಿ ಪ್ರಾಪರ್ಟಿ ಅಂದರೆ ಆಸ್ತಿಯಲ್ಲ, ಗುಣ. ಒಬ್ಬ ಮನುಷ್ಯ ಒಂದು ಚುಕ್ಕಿ, ಅಂದರೆ ನೋಡ್. ಇಬ್ಬರ ನಡುವಿನ ನಂಟು ಒಂದು ಗೆರೆ, ಅಂದರೆ ಎಡ್ಜ್. ಚುಕ್ಕಿಗೂ ಗೆರೆಗೂ ಹೆಸರು, ಹುಟ್ಟಿದ ವರ್ಷ ಅಂತ ಅಂಟಿಸಿದ ಮಾಹಿತಿಯೇ ಪ್ರಾಪರ್ಟಿ. ಅಷ್ಟೇ ವಿಷಯ.

ಈಗ ಕಥೆಗೆ ಬರುತ್ತೇನೆ. ನಮ್ಮ ಮನೆಯ ವಂಶವೃಕ್ಷವನ್ನು ಸ್ಪ್ಯಾನರ್ ಅನ್ನುವ ಗೂಗಲ್ ಕ್ಲೌಡ್ ಡೇಟಾಬೇಸ್‌ಗೆ ಹಾಕಿ, ಅದರ ಮೇಲೆ ಒಂದು ಏಐ ಏಜೆಂಟ್ ಕೂರಿಸಿದೆ, ಅಂದರೆ ಪ್ರಶ್ನೆ ಕೇಳಿದರೆ ತಾನೇ ಬೇಕಾದ ಟೂಲ್ ಕರೆದು ಉತ್ತರ ಹುಡುಕುವ ಪ್ರೋಗ್ರಾಂ. ಹಬ್ಬಕ್ಕೆ ಬಂದ ಮಕ್ಕಳು "ಇವರು ನನಗೆ ಏನಾಗಬೇಕು" ಅಂತ ಕೇಳಿದರೆ ಅದು ಉತ್ತರ ಕೊಡಲಿ ಅಂತ ಆಸೆ. ಮೊದಲ ದಿನವೇ ಎಡವಟ್ಟಾಯಿತು. ನಮ್ಮ ತಾತನ ಮಕ್ಕಳು ಯಾರು ಅಂತ ಕೇಳಿದರೆ, ತಾತನ ಅಪ್ಪ ಅಮ್ಮನ ಹೆಸರನ್ನು ಬಹಳ ಧೈರ್ಯವಾಗಿ ಹೇಳಿತು. ಎರರ್ ಇಲ್ಲ, ಅನುಮಾನವೂ ಇಲ್ಲ. ಕಾರಣ ಸರಳ. ನನ್ನ ಗ್ರಾಫ್‌ನಲ್ಲಿ ಏನಿದೆ, ಗೆರೆ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ, ಅದು ಊಹೆ ಮಾಡಿ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆದಿತ್ತು.

ಊಹೆ ಬಿಡಿಸುವ ಕೆಲಸಕ್ಕೇ ಒಂದು ಟೂಲ್ ಇದೆ: ಗೂಗಲ್‌ನ ಓಪನ್ ಸೋರ್ಸ್ ಎಂಸಿಪಿ ಟೂಲ್‌ಬಾಕ್ಸ್ ಫಾರ್ ಡೇಟಾಬೇಸಸ್‌ನಲ್ಲಿರುವ "ಸ್ಪ್ಯಾನರ್ ಲಿಸ್ಟ್ ಗ್ರಾಫ್ಸ್". ಡೇಟಾಬೇಸ್‌ನಲ್ಲಿ ಯಾವ ಯಾವ ಗ್ರಾಫ್ ಇದೆ, ಒಂದೊಂದರ ಒಳಗೆ ಯಾವ ನೋಡ್, ಯಾವ ಎಡ್ಜ್, ಯಾವ ಲೇಬಲ್ (ನೋಡ್, ಎಡ್ಜ್ ಯಾವ ಬಗೆಯದು ಅಂತ ಹೇಳುವ ಹೆಸರು), ಯಾವ ಪ್ರಾಪರ್ಟಿ ಇದೆ ಅಂತ ಪಟ್ಟಿ ಮಾಡಿ ಏಜೆಂಟ್ ಕೈಗೆ ಕೊಡುತ್ತದೆ. ಅದನ್ನು ಶುರುವಿನಿಂದ ಕೊನೆಯವರೆಗೆ ಹೇಗೆ ಕೂರಿಸುವುದು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ. ಕೀವರ್ಡ್, ಟೇಬಲ್ ಹೆಸರು ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು.

ಶುರು ಮಾಡುವ ಮೊದಲು ಏನೇನು ಬೇಕು

ಗೂಗಲ್ ಕ್ಲೌಡ್ ಖಾತೆ, ಬಿಲ್ಲಿಂಗ್ ಆನ್ ಆಗಿರುವ ಒಂದು ಪ್ರಾಜೆಕ್ಟ್, ಅದರಲ್ಲಿ ಒಂದು ಸ್ಪ್ಯಾನರ್ ಇನ್‌ಸ್ಟನ್ಸ್, ಅಂದರೆ ನಮ್ಮ ಡೇಟಾಬೇಸ್ ಓಡುವ ಜಾಗ. ಇನ್‌ಸ್ಟನ್ಸ್ ಮಾಡುವಾಗ ಎಡಿಷನ್ ಕೇಳುತ್ತದೆ, ಅಲ್ಲಿ ಎಂಟರ್‌ಪ್ರೈಸ್ ಅಥವಾ ಎಂಟರ್‌ಪ್ರೈಸ್ ಪ್ಲಸ್ ಆರಿಸಿ. ಸ್ಟ್ಯಾಂಡರ್ಡ್ ಆರಿಸಿದರೆ ಗ್ರಾಫ್ ಸೌಲಭ್ಯ ಸಿಗುವುದಿಲ್ಲ. ಗಾತ್ರ 100 ಪ್ರೊಸೆಸಿಂಗ್ ಯೂನಿಟ್ ಸಾಕು, ಅದಕ್ಕಿಂತ ಚಿಕ್ಕದು ಇಲ್ಲ. ಮನೆಯ ವಂಶವೃಕ್ಷಕ್ಕೆ ಸ್ಪ್ಯಾನರ್ ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೇ, ಒಪ್ಪುತ್ತೇನೆ. ಆದರೆ ಕಲಿಯುವುದಕ್ಕೆ ನಮಗೆ ಗೊತ್ತಿರುವ ಡೇಟಾ ಇದ್ದರೆ ಏಜೆಂಟ್ ಸುಳ್ಳು ಹೇಳಿದಾಗ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಸುಮ್ನೆ ನೆನಪಿಡಿ, ಇನ್‌ಸ್ಟನ್ಸ್ ಖಾಲಿ ಕೂತಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು ಹೋಗುತ್ತಿರುತ್ತದೆ.

ಡೇಟಾಬೇಸ್ ಮಾಡುವಾಗ ಡೈಲೆಕ್ಟ್, ಅಂದರೆ ಕ್ವೆರಿ ಭಾಷೆಯಾದ ಎಸ್‌ಕ್ಯೂಎಲ್‌ನ ಯಾವ ಬಗೆ ಅಂತ, ಕೇಳುತ್ತದೆ. ಗೂಗಲ್ ಎಸ್‌ಕ್ಯೂಎಲ್ ಆರಿಸಿ. ಪೋಸ್ಟ್‌ಗ್ರೆಸ್ ಡೈಲೆಕ್ಟ್ ಡೇಟಾಬೇಸ್ ಮೇಲೆ ಈ ಟೂಲ್ ನಡೆಯುವುದಿಲ್ಲ, ಮತ್ತೆ ಡೈಲೆಕ್ಟನ್ನು ಆಮೇಲೆ ಬದಲಾಯಿಸುವುದಕ್ಕೂ ಆಗುವುದಿಲ್ಲ.

ಹೆಜ್ಜೆ 1: ಪಟ್ಟಿಯಲ್ಲಿ ಬರುವುದಕ್ಕೆ ಒಂದು ಗ್ರಾಫ್ ಇರಬೇಕಲ್ಲ

ಸ್ಪ್ಯಾನರ್‌ನಲ್ಲಿ ಗ್ರಾಫ್ ಅಂದರೆ ಬೇರೆ ಉಗ್ರಾಣವಲ್ಲ. ಡೇಟಾ ಮಾಮೂಲಿ ಟೇಬಲ್‌ಗಳಲ್ಲೇ ಇರುತ್ತದೆ, "ಈ ಟೇಬಲ್ಲನ್ನು ನೋಡ್ ಅಂತ ಓದು, ಆ ಟೇಬಲ್ಲನ್ನು ಎಡ್ಜ್ ಅಂತ ಓದು" ಅನ್ನುವ ಒಂದು ನಕಾಶೆಯನ್ನು ಮಾತ್ರ ಮೇಲೆ ಹಾಸುತ್ತೇವೆ. ಡೇಟಾದ ನಕಲು ಆಗುವುದಿಲ್ಲ.

ನನ್ನ ಹತ್ತಿರ 3 ಟೇಬಲ್. ಪರ್ಸನ್: ಇದರಲ್ಲಿ ಐಡಿ, ನೇಮ್, ಜೆಂಡರ್, ಬರ್ತ್ ಇಯರ್. ಪೇರೆಂಟ್‌ಆಫ್: ಇದರಲ್ಲಿ ಅಪ್ಪ ಅಥವಾ ಅಮ್ಮನ ಐಡಿ, ಮಗುವಿನ ಐಡಿ. ಮ್ಯಾರೀಡ್‌ಟು: ಇದರಲ್ಲಿ ಇಬ್ಬರ ಐಡಿ. ಟೇಬಲ್‌ಗೆ ಕನ್ನಡದಲ್ಲಿ "ವ್ಯಕ್ತಿ" ಅಂತ ಹೆಸರಿಡುವ ಆಸೆ ಇತ್ತು, ಆದರೆ ಸ್ಪ್ಯಾನರ್ ಟೇಬಲ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ಒಳಗಿನ ಡೇಟಾ ಯೂನಿಕೋಡ್, ಹಾಗಾಗಿ ನೇಮ್ ಕಾಲಂನಲ್ಲಿ "ಪುಟ್ಟಮ್ಮಜ್ಜಿ" ಅಂತ ಕನ್ನಡದಲ್ಲೇ ಹಾಕಬಹುದು.

ಆಮೇಲೆ ಕ್ರಿಯೇಟ್ ಪ್ರಾಪರ್ಟಿ ಗ್ರಾಫ್ ಅನ್ನುವ ಆಜ್ಞೆ. ಹೆಸರು ಫ್ಯಾಮಿಲಿಗ್ರಾಫ್. ನೋಡ್ ಟೇಬಲ್ಸ್ ಅನ್ನುವ ಕಡೆ ಪರ್ಸನ್. ಎಡ್ಜ್ ಟೇಬಲ್ಸ್ ಅನ್ನುವ ಕಡೆ ಉಳಿದ ಎರಡು, ಮತ್ತು ಪ್ರತಿ ಎಡ್ಜ್‌ಗೂ ಸೋರ್ಸ್ ಕೀ ಯಾವುದು, ಡೆಸ್ಟಿನೇಷನ್ ಕೀ ಯಾವುದು, ಅವು ಯಾವ ನೋಡ್ ಟೇಬಲ್ಲಿನ ಯಾವ ಕಾಲಂಗೆ ಹೊಂದುತ್ತವೆ ಅಂತ ಹೇಳಬೇಕು. ನಾನು ಪೇರೆಂಟ್‌ಆಫ್‌ನಲ್ಲಿ ಸೋರ್ಸ್ ಅಂದರೆ ಹೆತ್ತವರು, ಡೆಸ್ಟಿನೇಷನ್ ಅಂದರೆ ಮಗು ಅಂತ ಇಟ್ಟೆ. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದೇ ಗ್ರಾಫ್‌ನಲ್ಲಿ ಒಂದೇ ಹೆಸರಿನ ಪ್ರಾಪರ್ಟಿ ಎರಡು ಟೇಬಲ್‌ನಿಂದ ಬಂದರೆ ಎರಡರ ಟೈಪೂ ಒಂದೇ ಇರಬೇಕು. ಒಂದು ಕಡೆ ಐಡಿ ಪೂರ್ಣಾಂಕ, ಇನ್ನೊಂದು ಕಡೆ ಸ್ಟ್ರಿಂಗ್ ಅಂದರೆ ಗ್ರಾಫ್ ಹುಟ್ಟುವುದೇ ಇಲ್ಲ. ಹಾಗೇ ಎರಡು ಟೇಬಲ್‌ಗೆ ಒಂದೇ ಲೇಬಲ್ ಕೊಟ್ಟರೆ ಆ ಲೇಬಲ್ ಅಡಿಯಲ್ಲಿ ಬರುವ ಪ್ರಾಪರ್ಟಿ ಹೆಸರುಗಳೂ ಎರಡರಲ್ಲೂ ಒಂದೇ ಆಗಿರಬೇಕು. ಲೇಬಲ್ ಕೊಡದೇ ಬಿಟ್ಟರೆ ಟೇಬಲ್ ಹೆಸರೇ ಲೇಬಲ್ ಆಗುತ್ತದೆ, ಪ್ರಾಪರ್ಟಿ ಏನೂ ಹೇಳದೇ ಬಿಟ್ಟರೆ ಎಲ್ಲ ಕಾಲಂಗಳೂ ಪ್ರಾಪರ್ಟಿ ಆಗುತ್ತವೆ.

ಹೆಜ್ಜೆ 2: ಟೂಲ್ ಇಲ್ಲದೆ ಒಮ್ಮೆ ಕೈಯಾರೆ ನೋಡಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗ್ರಾಫ್‌ಗಳ ವಿವರ ಇನ್ಫರ್ಮೇಷನ್ ಸ್ಕೀಮಾ (ಡೇಟಾಬೇಸ್ ತನ್ನದೇ ರಚನೆಯ ಬಗ್ಗೆ ಇಟ್ಟುಕೊಳ್ಳುವ ದಾಖಲೆ) ಒಳಗೆ ಪ್ರಾಪರ್ಟಿ ಗ್ರಾಫ್ಸ್ ಅನ್ನುವ ವ್ಯೂನಲ್ಲಿ ಇರುತ್ತದೆ. ಕ್ಲೌಡ್ ಕನ್ಸೋಲ್‌ನ ಸ್ಪ್ಯಾನರ್ ಸ್ಟುಡಿಯೋ ತೆರೆದು ಅದರ ಮೇಲೆ ಒಂದು ಮಾಮೂಲಿ ಸೆಲೆಕ್ಟ್ ಓಡಿಸಿ. ಗ್ರಾಫ್ ಹೆಸರು ಒಂದು ಕಾಲಂನಲ್ಲಿ, ಪೂರ್ತಿ ರಚನೆ ಜೇಸನ್ ರೂಪದಲ್ಲಿ ಇನ್ನೊಂದು ಕಾಲಂನಲ್ಲಿ ಬರುತ್ತದೆ. ಲಿಸ್ಟ್ ಗ್ರಾಫ್ಸ್ ಟೂಲ್ ಓದುವುದೂ ಇದನ್ನೇ, ಒಳಗೆ ಮಾಯಾಮಂತ್ರ ಏನಿಲ್ಲ. ಇಲ್ಲಿ ಸಾಲು ಬಂದರೆ ಮುಂದೆ ಹೋಗಿ. ಬರಲಿಲ್ಲ ಅಂದರೆ ಏಜೆಂಟ್ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ಹೆಜ್ಜೆ 3: ಟೂಲ್‌ಬಾಕ್ಸ್ ಇಳಿಸಿ ಓಡಿಸುವುದು

ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಇದನ್ನು ಹೊರತಂದಿತು. ಏಜೆಂಟ್ ಯಾವುದೇ ಇರಲಿ, ಹೊರಗಿನ ಟೂಲ್‌ಗಳ ಜೊತೆ ಒಂದೇ ರೀತಿಯಲ್ಲಿ ಮಾತಾಡಲಿ ಅನ್ನುವುದು ಇದರ ಉದ್ದೇಶ. ಟೂಲ್‌ಬಾಕ್ಸ್ ಅನ್ನುವುದು ಏಜೆಂಟ್‌ಗೂ ಡೇಟಾಬೇಸ್‌ಗೂ ನಡುವೆ ಕೂರುವ ಸರ್ವರ್. ಗೋ ಭಾಷೆಯಲ್ಲಿ ಬರೆದದ್ದು, ಒಂದೇ ಬೈನರಿ ಫೈಲ್, ಇಳಿಸಿಕೊಂಡು ಓಡಿಸುವ ಅನುಮತಿ ಕೊಟ್ಟರೆ ಆಯಿತು. ಮೊದಲು ಇದಕ್ಕೆ ಜೆನ್ ಏಐ ಟೂಲ್‌ಬಾಕ್ಸ್ ಅಂತ ಹೆಸರಿತ್ತು, ಹಳೆಯ ಬರಹಗಳಲ್ಲಿ ಆ ಹೆಸರು ಕಂಡರೆ ಗಲಿಬಿಲಿ ಬೇಡ.

ನಿಮ್ಮ ಗುರುತು ತೋರಿಸುವುದಕ್ಕೆ ಗೂಗಲ್ ಕ್ಲೌಡ್‌ನ ಜಿಕ್ಲೌಡ್ ಕಮಾಂಡ್‌ನಿಂದ ಅಪ್ಲಿಕೇಷನ್ ಡೀಫಾಲ್ಟ್ ಲಾಗಿನ್ ಮಾಡಿ. ಬರೀ ಜಿಕ್ಲೌಡ್ ಲಾಗಿನ್ ಮಾಡಿ ಬಿಟ್ಟರೆ ಸಾಲದು, ಅದು ಬೇರೆ, ಇದು ಬೇರೆ. ಎಲ್ಲ ಸರಿ ಇದ್ದೂ ಗುರುತಿನ ಎರರ್ ಬರುತ್ತಿದ್ದರೆ ಹತ್ತಕ್ಕೆ ಒಂಬತ್ತು ಸಲ ಇದೇ ಕಾರಣ ಅನ್ನುವುದು ನನ್ನ ಅನುಭವ.

ಈಗ ಎರಡು ದಾರಿ. ಅವಸರದ ದಾರಿ: ಟೂಲ್‌ಬಾಕ್ಸನ್ನು ಪ್ರೀಬಿಲ್ಟ್ ಸ್ಪ್ಯಾನರ್ ಅನ್ನುವ ಆಯ್ಕೆಯ ಜೊತೆ ಓಡಿಸಿ, ಪ್ರಾಜೆಕ್ಟ್, ಇನ್‌ಸ್ಟನ್ಸ್, ಡೇಟಾಬೇಸ್ ಹೆಸರನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಕೊಡಿ. ಲಿಸ್ಟ್ ಗ್ರಾಫ್ಸ್, ಲಿಸ್ಟ್ ಟೇಬಲ್ಸ್, ಎಸ್‌ಕ್ಯೂಎಲ್ ಓಡಿಸುವ ಟೂಲ್, ಎಲ್ಲ ಒಟ್ಟಿಗೆ ಬರುತ್ತವೆ. ಪರೀಕ್ಷೆಗೆ ಇದು ಚೆನ್ನ. ಆದರೆ ಬರೆಯುವ, ಅಳಿಸುವ ಶಕ್ತಿ ಇರುವ ಟೂಲ್ ಕೂಡ ಅದೇ ಗಂಟಿನಲ್ಲಿ ಏಜೆಂಟ್ ಕೈಗೆ ಹೋಗುತ್ತದೆ. ಹಾಗಾಗಿ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ: ನಮ್ಮದೇ ಯಾಮಲ್ ಫೈಲ್, ಅಂದರೆ ಸೆಟ್ಟಿಂಗ್‌ಗಳನ್ನು ಸಾಲು ಸಾಲಾಗಿ ಬರೆಯುವ ಪಠ್ಯದ ಫೈಲ್.

ಹೆಜ್ಜೆ 4: ಯಾಮಲ್ ಫೈಲ್ ಬರೆಯುವುದು

ಫೈಲ್‌ನಲ್ಲಿ ಎರಡು ಭಾಗ. ಮೊದಲನೆಯದು ಸೋರ್ಸ್: ಡೇಟಾಬೇಸ್ ಎಲ್ಲಿದೆ ಅನ್ನುವ ವಿಳಾಸ. ಬಗೆ ಸ್ಪ್ಯಾನರ್, ಜೊತೆಗೆ ಪ್ರಾಜೆಕ್ಟ್, ಇನ್‌ಸ್ಟನ್ಸ್, ಡೇಟಾಬೇಸ್, ಮತ್ತು ಡೈಲೆಕ್ಟ್ ಅಂದರೆ ಗೂಗಲ್ ಎಸ್‌ಕ್ಯೂಎಲ್. ಎರಡನೆಯದು ಟೂಲ್: ಬಗೆ ಸ್ಪ್ಯಾನರ್ ಲಿಸ್ಟ್ ಗ್ರಾಫ್ಸ್, ಪದಗಳ ನಡುವೆ ಖಾಲಿ ಜಾಗವಲ್ಲ, ಅಡ್ಡಗೆರೆ (ಹೈಫನ್). ಆಮೇಲೆ ಯಾವ ಸೋರ್ಸ್, ಮತ್ತು ಡಿಸ್ಕ್ರಿಪ್ಷನ್. ಬಗೆ ಹೇಳುವ ಸಾಲಿಗೆ ಹಳೆಯ ಆವೃತ್ತಿಗಳಲ್ಲಿ ಕೈಂಡ್ ಅಂತ ಬರೆಯಬೇಕಿತ್ತು, ಹೊಸದರಲ್ಲಿ ಜೋಡಣೆ ಬದಲಾಗಿ ಟೈಪ್ ಅಂತ ಆಗಿದೆ. ನೀವು ಇಳಿಸಿದ ಆವೃತ್ತಿಯ ಕೈಪಿಡಿ ತೆರೆದಿಟ್ಟುಕೊಂಡೇ ಬರೆಯಿರಿ, ಬೇರೆಯವರ ಹಳೆಯ ಫೈಲ್ ನಕಲು ಮಾಡಬೇಡಿ.

ಡಿಸ್ಕ್ರಿಪ್ಷನ್ ಸಾಲನ್ನು ಕಾಟಾಚಾರಕ್ಕೆ ಬರೆಯಬೇಡಿ. ಏಜೆಂಟ್ ಯಾವ ಟೂಲನ್ನು ಯಾವಾಗ ಕರೆಯಬೇಕು ಅಂತ ತೀರ್ಮಾನ ಮಾಡುವುದು ಇದನ್ನು ಓದಿಯೇ. "ಗ್ರಾಫ್‌ಗಳ ಪಟ್ಟಿ ಕೊಡುತ್ತದೆ" ಅಂತ ಮಾತ್ರ ಬರೆದರೆ, ನೆಂಟರ ಬಗ್ಗೆ ಪ್ರಶ್ನೆ ಬಂದಾಗ ಅದಕ್ಕೆ ಈ ಟೂಲ್ ನೆನಪೇ ಆಗದಿರಬಹುದು. ನನ್ನದು ಈಗ ಹೀಗಿದೆ: "ಈ ಡೇಟಾಬೇಸ್‌ನ ಪ್ರಾಪರ್ಟಿ ಗ್ರಾಫ್‌ಗಳ ಹೆಸರು, ನೋಡ್, ಎಡ್ಜ್, ಲೇಬಲ್, ಪ್ರಾಪರ್ಟಿಗಳ ವಿವರ ಕೊಡುತ್ತದೆ. ಸಂಬಂಧ, ನೆಂಟಸ್ತಿಕೆ, ಪೀಳಿಗೆ ಬಗ್ಗೆ ಯಾವುದೇ ಗ್ರಾಫ್ ಕ್ವೆರಿ ಬರೆಯುವ ಮೊದಲು ಇದನ್ನು ಕರೆಯಬೇಕು. ಇದರಲ್ಲಿ ಕಾಣದ ಲೇಬಲ್ ಹೆಸರನ್ನು ಕ್ವೆರಿಯಲ್ಲಿ ಬಳಸಬಾರದು." ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಏಜೆಂಟ್‌ನ ಹಿಂದಿರುವ ಭಾಷಾ ಮಾಡೆಲ್‌ಗೆ ಕನ್ನಡ ಬಂದರೆ ಸಾಕು. ಪ್ರಶ್ನೆಗಳು ಕನ್ನಡದಲ್ಲಿ ಬರುವುದಾದರೆ ಇದೇ ಒಳ್ಳೆಯದು ಅನ್ನಿಸಿತು.

ಕ್ವೆರಿ ಓಡಿಸುವುದಕ್ಕೆ ಇನ್ನೊಂದು ಟೂಲ್ ಬೇಕು: ಸ್ಪ್ಯಾನರ್ ಎಕ್ಸಿಕ್ಯೂಟ್ ಎಸ್‌ಕ್ಯೂಎಲ್. ಗ್ರಾಫ್ ಕ್ವೆರಿಗೂ ಇದೇ ಸಾಕು. ಅದರಲ್ಲಿ ರೀಡ್ ಓನ್ಲಿ ಅನ್ನುವುದನ್ನು ಟ್ರೂ ಮಾಡಿ. ಇದರ ಜೊತೆಗೆ ಟೂಲ್‌ಬಾಕ್ಸ್ ಯಾವ ಖಾತೆಯಲ್ಲಿ ಓಡುತ್ತದೋ ಅದಕ್ಕೆ ಸ್ಪ್ಯಾನರ್ ಡೇಟಾಬೇಸ್ ರೀಡರ್ ರೋಲ್ ಮಾತ್ರ ಕೊಡಿ. ಎರಡು ಬೀಗ ಇರಲಿ, ಒಂದು ಮರೆತರೂ ಇನ್ನೊಂದು ಇರುತ್ತದೆ.

ಹೆಜ್ಜೆ 5: ಏಜೆಂಟ್‌ಗೆ ಕೊಡುವ ಮೊದಲು ನೀವೇ ಕರೆದು ನೋಡಿ

ಟೂಲ್‌ಬಾಕ್ಸನ್ನು ಯುಐ ಆಯ್ಕೆಯ ಜೊತೆ ಓಡಿಸಿದರೆ ಬ್ರೌಸರ್‌ನಲ್ಲಿ ಒಂದು ಪುಟ ಬರುತ್ತದೆ, ಪೋರ್ಟ್ ತಾನಾಗಿ 5000. ಅಲ್ಲಿ ನಿಮ್ಮ ಟೂಲ್ ಆರಿಸಿದರೆ ಎರಡು ಪ್ಯಾರಾಮೀಟರ್ ಕಾಣುತ್ತವೆ. ಗ್ರಾಫ್ ನೇಮ್ಸ್: ಅಲ್ಪವಿರಾಮ ಹಾಕಿ ಒಂದಕ್ಕಿಂತ ಜಾಸ್ತಿ ಹೆಸರು ಕೊಡಬಹುದು, ಖಾಲಿ ಬಿಟ್ಟರೆ ಎಲ್ಲ ಗ್ರಾಫ್‌ಗಳೂ ಬರುತ್ತವೆ. ಔಟ್‌ಪುಟ್ ಫಾರ್ಮ್ಯಾಟ್: ಸಿಂಪಲ್ ಅಥವಾ ಡೀಟೇಲ್ಡ್. ಸಿಂಪಲ್ ಅಂದರೆ ಬರೀ ಹೆಸರು. ಡೀಟೇಲ್ಡ್ ಅಂದರೆ ಪೂರ್ತಿ ಜಾತಕ. ಏನೂ ಹೇಳದಿದ್ದರೆ ಡೀಟೇಲ್ಡ್.

ಗ್ರಾಫ್ ಒಂದೋ ಎರಡೋ ಇದ್ದರೆ ಡೀಟೇಲ್ಡ್ ಸಾಕು. ಹತ್ತಾರು ಇದ್ದು, ಒಂದೊಂದರಲ್ಲೂ ರಾಶಿ ಟೇಬಲ್ ಇದ್ದರೆ ಆ ಜೇಸನ್ ಉದ್ದಕ್ಕೆ ಏಜೆಂಟ್‌ನ ಕಾಂಟೆಕ್ಸ್ಟ್ (ಅದು ಒಂದು ಸಲಕ್ಕೆ ನೆನಪಿಟ್ಟುಕೊಳ್ಳುವ ಪಠ್ಯ) ಸುಮ್ಮನೆ ತುಂಬುತ್ತದೆ, ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು) ಲೆಕ್ಕದ ದುಡ್ಡೂ ಹೋಗುತ್ತದೆ. ಆಗ ಏಜೆಂಟ್‌ಗೆ ಹೇಳಿಕೊಡಿ: ಮೊದಲು ಸಿಂಪಲ್‌ನಲ್ಲಿ ಹೆಸರು ನೋಡು, ಬೇಕಾದದ್ದನ್ನು ಆರಿಸು, ಆಮೇಲೆ ಅದೊಂದರದ್ದು ಮಾತ್ರ ಡೀಟೇಲ್ಡ್ ಕೇಳು.

ಹೆಜ್ಜೆ 6: ಬಂದ ಉತ್ತರವನ್ನು ಓದುವುದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಡೀಟೇಲ್ಡ್ ಉತ್ತರದಲ್ಲಿ ನೋಡ್ ಟೇಬಲ್‌ಗಳು, ಎಡ್ಜ್ ಟೇಬಲ್‌ಗಳು, ಲೇಬಲ್‌ಗಳು, ಪ್ರಾಪರ್ಟಿಗಳು ಮತ್ತು ಅವುಗಳ ಟೈಪ್ ಇರುತ್ತವೆ. ಎಡ್ಜ್ ಭಾಗಕ್ಕೆ ನೇರವಾಗಿ ಹೋಗಿ. ಪ್ರತಿ ಎಡ್ಜ್‌ಗೂ ಸೋರ್ಸ್ ನೋಡ್ ಟೇಬಲ್ ಯಾವುದು, ಡೆಸ್ಟಿನೇಷನ್ ನೋಡ್ ಟೇಬಲ್ ಯಾವುದು ಅಂತ ಇರುತ್ತದೆ.

ಬ್ಯಾಂಕ್ ಗ್ರಾಫ್ ಆದರೆ ಬಚಾವ್. ಸೋರ್ಸ್ ಗ್ರಾಹಕ, ಡೆಸ್ಟಿನೇಷನ್ ಅಕೌಂಟ್, ಉಲ್ಟಾ ಬರೆದರೆ ಏನೂ ಸಿಗುವುದಿಲ್ಲ, ತಪ್ಪು ಗೊತ್ತಾಗುತ್ತದೆ. ವಂಶವೃಕ್ಷದಲ್ಲಿ ಎರಡು ತುದಿಯೂ ಪರ್ಸನ್. ಬಾಣ ತಿರುಗಿಸಿ ಬರೆದರೂ ಕ್ವೆರಿ ನಡೆಯುತ್ತದೆ, ಹೆಸರುಗಳೂ ಬರುತ್ತವೆ, ಮಕ್ಕಳ ಬದಲು ಹೆತ್ತವರು ಬರುತ್ತಾರೆ ಅಷ್ಟೇ. ನನ್ನ ತಾತನಿಗೆ ಆದದ್ದು ಇದೇ. ಅದಕ್ಕಿಂತ ಮುಖ್ಯವಾದದ್ದು: ಟೂಲ್ ಎರಡು ತುದಿಯ ಟೇಬಲ್ ಹೆಸರು, ಕೀ ಕಾಲಂ ಹೆಸರು ಹೇಳುತ್ತದೆಯೇ ಹೊರತು "ಸೋರ್ಸ್ ಅಂದರೆ ಹೆತ್ತವರು" ಅಂತ ಹೇಳುವುದಿಲ್ಲ. ನನ್ನ ಎರಡು ಕಾಲಂ ಹೆಸರುಗಳಲ್ಲಿ ಯಾರ ಐಡಿ ಅನ್ನುವುದೇ ಇರಲಿಲ್ಲ, ಅದನ್ನು ನೋಡಿ ಯಾರಿಗೆ ತಾನೇ ಗೊತ್ತಾಗಬೇಕು? ಪೇರೆಂಟ್ ಐಡಿ, ಚೈಲ್ಡ್ ಐಡಿ ಅಂತ ಹೆಸರಿಟ್ಟು ಟೇಬಲ್ ಹೊಸದಾಗಿ ಮಾಡಿದ ಮೇಲೆ ಪಟ್ಟಿಯೇ ಅರ್ಥ ಹೇಳತೊಡಗಿತು. ಅಂದರೆ ಪಟ್ಟಿ ಚೆನ್ನಾಗಿ ಬರಬೇಕಾದರೆ ಹೆಸರಿಡುವಾಗಲೇ ಯೋಚಿಸಬೇಕು.

ಇನ್ನೊಂದು ಮಾತು. ಟೂಲ್ ಕೊಡುವುದು ರಚನೆ ಮಾತ್ರ, ಸಾಲುಗಳನ್ನಲ್ಲ. ಮನೆಯವರ ಹೆಸರು, ವಯಸ್ಸು ಈ ಹಂತದಲ್ಲಿ ಮಾಡೆಲ್ ಹತ್ತಿರ ಹೋಗುವುದಿಲ್ಲ. ಕ್ವೆರಿ ಓಡಿದಾಗ ಹೋಗುತ್ತದೆ, ಅದು ಗಮನದಲ್ಲಿರಲಿ.

ಹೆಜ್ಜೆ 7: ಅರ್ಥ ತುಂಬುವುದು ನಿಮ್ಮ ಕೆಲಸ

ಏಜೆಂಟನ್ನು ಟೂಲ್‌ಬಾಕ್ಸ್‌ಗೆ ಜೋಡಿಸಿದ ಮೇಲೆ, ಅದರ ಸೂಚನೆಯಲ್ಲಿ (ಹೇಗೆ ನಡೆದುಕೊಳ್ಳಬೇಕು ಅಂತ ಅದಕ್ಕೆ ಮೊದಲೇ ಬರೆದುಕೊಡುವ ಮಾತಿನಲ್ಲಿ) ಪಟ್ಟಿ ಹೇಳದ ವಿಷಯ ಬರೆಯಬೇಕು. ಗ್ರಾಫ್ ಭಾಷೆ ಜಿಕ್ಯೂಎಲ್, 2024ರ ಏಪ್ರಿಲ್‌ನಲ್ಲಿ ಐಎಸ್‌ಒ ಪ್ರಕಟಿಸಿದ ಪ್ರಮಾಣಿತ ಭಾಷೆ. ನೋಡ್ ದುಂಡು ಬ್ರಾಕೆಟ್‌ನಲ್ಲಿ, ಎಡ್ಜ್ ಚೌಕ ಬ್ರಾಕೆಟ್‌ನಲ್ಲಿ, ನಡುವೆ ಬಾಣ. ಕನ್ನಡ ಅಕ್ಷರದಲ್ಲಿ ಬರೆದರೆ ಹೀಗೆ ಕಾಣುತ್ತದೆ:

ಗ್ರಾಫ್ ಫ್ಯಾಮಿಲಿಗ್ರಾಫ್ ಮ್ಯಾಚ್ (ಹಿರಿ:ಪರ್ಸನ್)-[:ಪೇರೆಂಟ್‌ಆಫ್]->(ಕಿರಿ:ಪರ್ಸನ್) ರಿಟರ್ನ್ ಹಿರಿ.ನೇಮ್, ಕಿರಿ.ನೇಮ್

ನಾನು ಸೂಚನೆಯಲ್ಲಿ ಬರೆದದ್ದು: ಪೇರೆಂಟ್‌ಆಫ್ ಬಾಣ ಯಾವಾಗಲೂ ಹೆತ್ತವರಿಂದ ಮಗುವಿಗೆ. ಮ್ಯಾರೀಡ್‌ಟು ಒಂದು ಜೋಡಿಗೆ ಒಂದೇ ಸಾಲು ಇದೆ, ಯಾರು ಮೊದಲು ಅನ್ನುವ ನಿಯಮವಿಲ್ಲ, ಹಾಗಾಗಿ ಅಲ್ಲಿ ದಿಕ್ಕಿಲ್ಲದ ಗೆರೆ ಬಳಸು.

ಆಮೇಲೆ ಬಂತು ನೋಡಿ ನಿಜವಾದ ಪರೀಕ್ಷೆ: "ನನ್ನ ಅತ್ತೆ ಯಾರು?" ಇಂಗ್ಲಿಷ್ ಡೇಟಾ ತಿಂದು ಬೆಳೆದ ಮಾಡೆಲ್ ಗಂಡನ ಅಥವಾ ಹೆಂಡತಿಯ ತಾಯಿಯನ್ನು ಮಾತ್ರ ಹುಡುಕಿ ಸುಮ್ಮನಾಯಿತು. ನಮ್ಮಲ್ಲಿ ಅಪ್ಪನ ಅಕ್ಕ ತಂಗಿಯರೂ ಅತ್ತೆ, ಅಮ್ಮನ ಅಣ್ಣ ತಮ್ಮಂದಿರ ಹೆಂಡತಿಯರೂ ಅತ್ತೆ. ಮೂರು ದಾರಿ, ಮೂರು ಕ್ವೆರಿ. ಮೂರನ್ನೂ ಸೂಚನೆಯಲ್ಲಿ ಬಿಡಿಸಿ ಬರೆಯಬೇಕಾಯಿತು, ಜೆಂಡರ್ ಪ್ರಾಪರ್ಟಿಯನ್ನು ಎಲ್ಲಿ ನೋಡಬೇಕು ಅಂತಲೂ ಹೇಳಬೇಕಾಯಿತು. ಬರೆದ ಮೇಲೂ ಒಬ್ಬ ಸೋದರತ್ತೆ ಎರಡು ಸಲ ಬಂದರು. ಯಾಕೆ ಅಂದರೆ ಪ್ರತಿ ಮಗುವಿಗೂ ಅಪ್ಪನಿಂದ ಒಂದು ಗೆರೆ, ಅಮ್ಮನಿಂದ ಒಂದು ಗೆರೆ. ಅಪ್ಪನಿಂದ ತಾತನ ಮೂಲಕ ಹೋದರೂ ಅದೇ ಅತ್ತೆ, ಅಜ್ಜಿಯ ಮೂಲಕ ಹೋದರೂ ಅದೇ ಅತ್ತೆ. ರಿಟರ್ನ್ ಜೊತೆ ಡಿಸ್ಟಿಂಕ್ಟ್ ಸೇರಿಸಿದ ಮೇಲೆ ಸರಿಹೋಯಿತು. ಇನ್ನು ಸೋದರಮಾವನನ್ನೇ ಮದುವೆಯಾದವರ ಮನೆಯಲ್ಲಿ ತಾಯಿಯ ತಾಯಿಯೇ ಅತ್ತೆ, ಅಲ್ಲಿ ಏಜೆಂಟ್ "ಅಜ್ಜಿ" ಅಂತಲೂ "ಅತ್ತೆ" ಅಂತಲೂ ಹೇಳಿದರೆ ಅದು ತಪ್ಪಲ್ಲ, ಎರಡೂ ನಿಜ!

ಪಟ್ಟಿ ಖಾಲಿ ಬಂದರೆ, ಅಥವಾ ಅರ್ಧ ಬಂದರೆ

ಖಾಲಿ ಬಂದರೆ ಮೊದಲು ಡೇಟಾಬೇಸ್ ಹೆಸರು ನೋಡಿ, ಪರೀಕ್ಷೆಯ ಡೇಟಾಬೇಸ್‌ಗೆ ಕೈ ತೋರಿಸಿರುತ್ತೀರಿ. ಆಮೇಲೆ ಗ್ರಾಫ್ ನೇಮ್ಸ್‌ನಲ್ಲಿ ಏಜೆಂಟ್ ತಾನೇ ಊಹಿಸಿದ ಹೆಸರು ಕೊಟ್ಟಿದೆಯಾ ನೋಡಿ. ಇದು ಬಹಳ ಸಲ ಆಗುತ್ತದೆ: ಹೆಸರು ತಿಳಿಯುವುದಕ್ಕೆ ಇರುವ ಟೂಲ್‌ಗೇ ಊಹೆಯ ಹೆಸರು ಕೊಟ್ಟು, ಖಾಲಿ ಬಂದಾಗ "ಇಲ್ಲಿ ಗ್ರಾಫೇ ಇಲ್ಲ" ಅನ್ನುತ್ತದೆ. "ಮೊದಲ ಸಲ ಈ ಪ್ಯಾರಾಮೀಟರ್ ಖಾಲಿ ಬಿಡು" ಅಂತ ಡಿಸ್ಕ್ರಿಪ್ಷನ್‌ನಲ್ಲೇ ಸೇರಿಸಿ. ಟೇಬಲ್ ಮಟ್ಟದಲ್ಲಿ ಅನುಮತಿ ಹಂಚಿರುವ ಡೇಟಾಬೇಸ್ ಆದರೆ, ಆ ರೋಲ್‌ಗೆ ಕಾಣಬೇಕಾದಷ್ಟು ಮಾತ್ರ ಇನ್ಫರ್ಮೇಷನ್ ಸ್ಕೀಮಾದಲ್ಲಿ ಕಾಣುತ್ತದೆ ಅನ್ನುವುದೂ ನೆನಪಿರಲಿ.

ಟೇಬಲ್‌ಗೆ ಹೊಸ ಕಾಲಂ ಸೇರಿಸಿದ್ದೀರಿ, ಪಟ್ಟಿಯಲ್ಲಿ ಆ ಪ್ರಾಪರ್ಟಿ ಇಲ್ಲ ಅಂದರೆ ಕ್ರಿಯೇಟ್ ಆರ್ ರಿಪ್ಲೇಸ್ ಪ್ರಾಪರ್ಟಿ ಗ್ರಾಫ್ ಓಡಿಸಿ ಗ್ರಾಫ್ ಹೊಸದಾಗಿ ಕಟ್ಟಿ. ಏಜೆಂಟ್‌ನ ಹಳೆಯ ಮಾತುಕತೆಯಲ್ಲಿ ಹಳೆಯ ಪಟ್ಟಿಯೇ ಉಳಿದಿರುತ್ತದೆ, ಹಾಗಾಗಿ ಮಾತುಕತೆಯನ್ನೂ ಹೊಸದಾಗಿ ಶುರು ಮಾಡಿ.

ಡೈನಾಮಿಕ್ ಲೇಬಲ್ ಬಳಸಿದ ಗ್ರಾಫ್‌ನದ್ದು ಬೇರೆಯೇ ಕಥೆ. ಅಲ್ಲಿ ಲೇಬಲ್ ಹೆಸರು ಸ್ಕೀಮಾದಲ್ಲಿ ಇರುವುದಿಲ್ಲ, ಒಂದು ಕಾಲಂ ಒಳಗೆ ಡೇಟಾ ಆಗಿ ಇರುತ್ತದೆ. ಪಟ್ಟಿ ಎಷ್ಟು ಸಲ ಕರೆದರೂ "ಈ ಕಾಲಂನಲ್ಲಿ ಲೇಬಲ್ ಇದೆ" ಅನ್ನುವವರೆಗೆ ಮಾತ್ರ ಬರುತ್ತದೆ. ಇರುವ ಲೇಬಲ್‌ಗಳನ್ನು ಎಣಿಸಿ ಕೊಡುವ ಒಂದು ಚಿಕ್ಕ ಕ್ವೆರಿಯನ್ನು ಸ್ಪ್ಯಾನರ್ ಎಸ್‌ಕ್ಯೂಎಲ್ ಬಗೆಯ ಇನ್ನೊಂದು ಟೂಲ್ ಆಗಿ ಬರೆದು ಪಕ್ಕದಲ್ಲಿ ಇಡಿ.

ಸ್ಪ್ಯಾನರ್ ಬೇಡ, ಬೇರೆ ಡೇಟಾಬೇಸ್ ಅನ್ನುವವರಿಗೂ ದಾರಿ ಇದೇ. ಒರಾಕಲ್ 23ಎಐನಲ್ಲಿ ಯೂಸರ್ ಪ್ರಾಪರ್ಟಿ ಗ್ರಾಫ್ಸ್ ಅನ್ನುವ ವ್ಯೂ ಇದೆ, ಅದನ್ನು ಓದುವ ಒಂದು ಟೂಲ್ ಬರೆದುಕೊಳ್ಳಬಹುದು.

ಕೊನೆಗೆ ಸ್ವಚ್ಛ ಮಾಡುವುದು

ಪ್ರಯೋಗ ಮುಗಿದರೆ ಮೊದಲು ಡ್ರಾಪ್ ಪ್ರಾಪರ್ಟಿ ಗ್ರಾಫ್. ಗ್ರಾಫ್ ಇರುವ ತನಕ ಅದರೊಳಗಿನ ಟೇಬಲ್ ತೆಗೆಯುವುದಕ್ಕೆ ಬಿಡುವುದಿಲ್ಲ. ಗ್ರಾಫ್ ತೆಗೆದರೆ ನಕಾಶೆ ಮಾತ್ರ ಹೋಗುತ್ತದೆ, ಜನರೆಲ್ಲ ಟೇಬಲ್‌ನಲ್ಲೇ ಇರುತ್ತಾರೆ. ಬೇಕಾದ ಡೇಟಾವನ್ನು ಸಿಎಸ್‌ವಿಗೆ ಇಳಿಸಿಕೊಂಡು, ಆಮೇಲೆ ಇನ್‌ಸ್ಟನ್ಸ್ ಡಿಲೀಟ್ ಮಾಡಿ. ನಾನು ಒಂದು ವಾರ ಮರೆತು ಬಿಟ್ಟಿದ್ದೆ, ತಿಂಗಳ ಬಿಲ್ ನೋಡಿದ ಮನೆಯವರು ಇಷ್ಟು ದುಡ್ಡಿಗೆ ಅತ್ತೆಗೇ ಫೋನ್ ಮಾಡಿ ಕೇಳಬಹುದಿತ್ತಲ್ಲ ಅಂದರು.